ರಾವುತನ ಪದಕವೂ ನಮ್ಮ ವೀರಗಲ್ಲೂ

ಯುದ್ಧದ ನೆನಪನ್ನು ಉಳಿಸಿಕೊಳ್ಳುವ ಬಗೆ ಒಂದೊಂದು ಸಮಾಜದಲ್ಲಿ ಒಂದೊಂದು ತೆರನಾದುದು. ಕನ್ನಡನಾಡಿನಲ್ಲಿ ಸಾವಿರ ವರ್ಷಗಳಿಗೂ ಮೀರಿ ಈ ಕೆಲಸವನ್ನು ವೀರಗಲ್ಲು ಮಾಡಿಕೊಂಡು ಬಂದಿತು. ಹತ್ತೊಂಬತ್ತನೆಯ ಶತಮಾನ ಕಾಲಿಟ್ಟಾಗ, ಅದೇ ನೆಲದ ಮೇಲೆ ನಡೆದ ಯುದ್ಧಗಳ ಸ್ಮರಣೆಗೆಂದು ಇಂಗ್ಲೆಂಡಿನ ಟಂಕಸಾಲೆಯಲ್ಲಿ ಅಚ್ಚಾದ ಲೋಹದ ಬಿಲ್ಲೆಗಳು ಬಂದವು. ಕಲ್ಲನ್ನು ಓದುವ ವಿದ್ಯೆಯನ್ನು ನಮ್ಮ ವಿಶ್ವವಿದ್ಯಾನಿಲಯಗಳು ಶ್ರದ್ಧೆಯಿಂದ ಬೆಳೆಸಿವೆ. ಬಿಲ್ಲೆಯನ್ನು ಓದುವ ವಿದ್ಯೆಯನ್ನಾದರೋ ನಾವು ಸಂಗ್ರಾಹಕರಿಗೂ ಹರಾಜು ಕಟ್ಟೆಯವರಿಗೂ ಬಿಟ್ಟುಕೊಟ್ಟು ಸುಮ್ಮನಿದ್ದೇವೆ. ಈ ಉದಾಸೀನ ಸಲ್ಲದು, ಯುದ್ಧದ ಪದಕವೂ ಒಂದು ಶಾಸನವೇ, ಅದನ್ನು ಕನ್ನಡದ ಕಣ್ಣಿನಿಂದ ಓದುವ ಹೊಣೆ ಕನ್ನಡ ಅಧ್ಯಯನ ವಿಭಾಗಗಳದು ಎಂಬುದು ಪ್ರಸ್ತುತ ಲೇಖನದ ನಿಲುವು.

ಈ ಪ್ರಶ್ನೆ ಹುಟ್ಟಿದ್ದು ಗ್ರಂಥಾಲಯದಲ್ಲಲ್ಲ, ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ. ಕೇಂದ್ರ ಸರಕಾರದ ನೌಕರರ ವಸತಿಗೃಹಗಳು ಸಾಲುಗಟ್ಟಿ ನಿಂತಿರುವ ಈ ಭಾಗದಲ್ಲಿ ಭಾರತದ ಎಲ್ಲ ಭಾಷೆಗಳವರೊಡನೆ ಕನ್ನಡದ ಸಂಸಾರಗಳೂ ಬಾಳುತ್ತ ಬಂದಿವೆ. ಮಾಟುಂಗ, ವಡಾಲಗಳ ಕನ್ನಡ ಸಂಘಸಂಸ್ಥೆಗಳೂ ಶಾಲೆಗಳೂ ಇಲ್ಲಿಗೆ ದೂರವಲ್ಲ. ಹಳೆಯ ನಾಣ್ಯಗಳಲ್ಲಿ ಆಸಕ್ತಿಯುಳ್ಳ ನಮ್ಮ ನೆರೆಯ ತರುಣರೊಬ್ಬರು ಚೋರ್ ಬಜಾರಿನಿಂದ ಒಂದು ಬಿಲ್ಲೆಯನ್ನು ಕೊಂಡು ತಂದಿದ್ದರು. ಅದು 1799ರ ಶ್ರೀರಂಗಪಟ್ಟಣದ ಪದಕದ ಈಚಿನ ಪ್ರತಿಕೃತಿ. ಅದನ್ನು ಕೈಯಿಂದ ಕೈಗೆ ದಾಟಿಸಿದ ನೆರೆಹೊರೆಯ ಕನ್ನಡಿಗರಲ್ಲಿ ಮೂರು ಅಭಿಪ್ರಾಯಗಳು ಮೂಡಿದವು. ದಾಸ್ಯದ ಗುರುತಾದ ಇದನ್ನು ಭಂಗಾರಿನವನ ತಕ್ಕಡಿಗೆ ಹಾಕುವುದೇ ಲೇಸು ಎಂದವರು ಹಿರಿಯರೊಬ್ಬರು. ಅಸಲಿಯಾದದ್ದು ಸಿಕ್ಕಿದರೆ ಲಂಡನ್ನಿನಲ್ಲಿ ಒಳ್ಳೆಯ ಬೆಲೆ ಬರುತ್ತದೆ ಎಂದವರು ಇನ್ನೊಬ್ಬರು. ಇದು ನಕಲಿಯಾದ್ದರಿಂದ ಮಾತೇ ವ್ಯರ್ಥ ಎಂದು ಮೂರನೆಯವರು ಕೈತೊಳೆದುಕೊಂಡರು. ಈ ಮೂರರಲ್ಲಿಯೂ ಪದಕವನ್ನು ವಸ್ತುವೆಂದು ತೂಗಿದ್ದುಂಟೇ ಹೊರತು ಬರಹವೆಂದು ಓದಿದ್ದಿಲ್ಲ. ನಕಲಿಯಾದರೂ ಅದರ ಮೇಲಿನ ಬರಹ ಮೂಲದ್ದೇ ಅಲ್ಲವೆ? ಶಾಸನದ ಪಡಿಯಚ್ಚನ್ನು ಓದುವಂತೆ ಅದನ್ನೂ ಓದಬಹುದು.

ಓದಿ ನೋಡೋಣ. ಪದಕದ ಒಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ಕೆಡವಿ ತುಳಿಯುತ್ತಿದೆ. ಸಿಂಹ ಬ್ರಿಟನ್, ಹುಲಿ ಮೈಸೂರು. ಮೇಲಿನ ಪತಾಕೆಯಲ್ಲಿ, ದೇವರ ಸಿಂಹವೇ ವಿಜಯಿ ಎಂಬರ್ಥದ ಅರಬ್ಬೀ ವಾಕ್ಯವಿದೆ. ಕೆಳಗೆ ರೋಮನ್ ಅಂಕಿಗಳಲ್ಲಿ 1799ರ ಮೇ 4 ಎಂಬ ತೇದಿ. ಇನ್ನೊಂದು ಮುಖದಲ್ಲಿ ನಡುಹಗಲಿನ ಸೂರ್ಯನ ಕೆಳಗೆ ಕೋಟೆಗೆ ಲಗ್ಗೆಯಿಡುತ್ತಿರುವ ಸೈನ್ಯ, ಅದರಡಿಯಲ್ಲಿ ಪಾರಸಿ ಬರಹ. ಚಿತ್ರವನ್ನು ಕಂಡರಿಸಿದವನು ಕ್ಯೂಕ್ಲರ್ ಎಂಬ ಕಲಾವಿದ; ಅಚ್ಚು ಹಾಕಿದ್ದು ಬರ್ಮಿಂಗ್‌ಹ್ಯಾಮ್ ಬಳಿಯ ಸೋಹೊದಲ್ಲಿದ್ದ ಮ್ಯಾಥ್ಯೂ ಬೌಲ್ಟನ್ನನ ಟಂಕಸಾಲೆ. ಇಲ್ಲಿ ಎರಡು ಸಂಗತಿಗಳು ಗಮನಾರ್ಹವಾಗಿವೆ. ಮೊದಲನೆಯದು, ದೇವರ ಸಿಂಹ ಎಂಬ ಆ ನುಡಿ ಟೀಪೂ ಸುಲ್ತಾನನೇ ತನ್ನ ಆಯುಧಗಳ ಮೇಲೆ ಹುಲಿಯ ಮುಖದ ಆಕಾರದಲ್ಲಿ ಬರೆಸಿಕೊಳ್ಳುತ್ತಿದ್ದ ನುಡಿ. ಗೆದ್ದವರು ಕೋಟೆಯೊಡನೆ ಸೋತವನ ಬಿರುದನ್ನೂ ಸುಲಿದುಕೊಂಡು ತಮ್ಮ ಸಿಂಹಕ್ಕೆ ತೊಡಿಸಿದರು. ಎರಡನೆಯದು, ಕಾವೇರಿಯ ನಡುಗಡ್ಡೆಯ ಊರಿನ ಪತನವನ್ನು ಸಾರುವ ಈ ಬಿಲ್ಲೆಯಲ್ಲಿ ಆ ಊರಿನ ಜನರಾಡುವ ಕನ್ನಡದ ಒಂದಕ್ಷರವೂ ಇಲ್ಲ. ಜನರ ನುಡಿಯನ್ನು ಪದಕ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಇನ್ನು ಲೋಹದ ಮಾತು. ಈ ಪದಕ ಐದು ಬಗೆಯಲ್ಲಿ ತಯಾರಾಯಿತು: ಚಿನ್ನ, ಚಿನ್ನದ ನೀರು ಕೊಟ್ಟ ಬೆಳ್ಳಿ, ಬೆಳ್ಳಿ, ಕಂಚು, ತವರ. ದಂಡನಾಯಕರಿಗೆ ಚಿನ್ನ, ಇಳಿಯುತ್ತ ಇಳಿಯುತ್ತ ಸಾಮಾನ್ಯ ಸೈನಿಕನಿಗೆ ತವರ. ದೇಶೀ ಸಿಪಾಯಿಗೂ, ಕುದುರೆಯ ಮೇಲೆ ಬಂದ ಬ್ರಿಟಿಷ್ ರಾವುತನಿಗೂ ತವರವೇ. ಯುದ್ಧ ಮುಗಿದು ಸುಮಾರು ಒಂಬತ್ತು ವರ್ಷಗಳ ಮೇಲೆ, 1808ರ ಹೊತ್ತಿಗೆ, ಅದು ಅವರ ಕೈ ಸೇರಿತು. ಪಡೆದವನ ಹೆಸರನ್ನು ಸರಕಾರ ಅದರ ಮೇಲೆ ಕೊರೆಸಲಿಲ್ಲ. ಕೊಳ್ಳೆಯ ಹಣ ಹಂಚಿಕೆಯಾದ ರೀತಿಯೂ ಇದೇ. ಸೇನಾಪತಿ ಹ್ಯಾರಿಸನಿಗೆ 1,40,000 ಪೌಂಡುಗಳಿಗೂ ಮಿಕ್ಕ ಪಾಲು ಬಂದರೆ, ಬ್ರಿಟಿಷ್ ಸಾಮಾನ್ಯ ಸೈನಿಕನಿಗೆ ಸುಮಾರು 7 ಪೌಂಡು, ಭಾರತೀಯ ಸಿಪಾಯಿಗೆ ಸುಮಾರು 5 ಪೌಂಡು ಬಂದವು. ಆದುದರಿಂದ ರಾವುತನನ್ನು ಸಾಮ್ರಾಜ್ಯದ ಒಡೆಯನೆಂದು ಭಾವಿಸುವುದು ತಪ್ಪಾದೀತು. ಅವನು ಆ ಸಾಮ್ರಾಜ್ಯದ ಕೂಲಿ. ಅವನ ಮೇಲಿನ ದ್ವೇಷ ನಮ್ಮ ಓದಿಗೆ ಪ್ರೇರಣೆಯಾಗಬೇಕಾಗಿಲ್ಲ. ಅವನಿಗೆ ಪದಕ ಯಾವ ಕೆಲಸಕ್ಕೆ ದೊರೆಯಿತು, ಯಾವ ಕೆಲಸಕ್ಕೆ ದೊರೆಯಲಿಲ್ಲ ಎಂದು ಕೇಳಿಕೊಂಡರೆ ಸಾಕು, ಚರಿತ್ರೆಯ ಒಂದು ಬಾಗಿಲು ತೆರೆಯುತ್ತದೆ.

ಒಂದೇ ದಳದ ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. 1782ರಲ್ಲಿ ಮದರಾಸಿಗೆ ಬಂದಿಳಿದು, 1786ರಲ್ಲಿ ಹತ್ತೊಂಬತ್ತನೆಯ ಲೈಟ್ ಡ್ರಗೂನ್ಸ್ ಎಂಬ ಹೆಸರು ಪಡೆದ ಅಶ್ವದಳವು ಭಾರತಕ್ಕೆ ಬಂದ ಮೊತ್ತಮೊದಲ ಬ್ರಿಟಿಷ್ ಅಶ್ವಾರೋಹಿ ರೆಜಿಮೆಂಟು. 1799ರಿಂದ 1806ರೊಳಗೆ ಈ ದಳ ನಾಲ್ಕು ಮುಖ್ಯ ಘಟನೆಗಳಲ್ಲಿ ಭಾಗವಹಿಸಿತು: 1799ರಲ್ಲಿ ಶ್ರೀರಂಗಪಟ್ಟಣ, 1800ರಲ್ಲಿ ಕೋಣಗಲ್, 1803ರಲ್ಲಿ ಅಸ್ಸಾಯಿ, 1806ರಲ್ಲಿ ವೆಲ್ಲೂರು. ಇವುಗಳಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಪದಕವುಂಟು. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಇಲ್ಲ. ಏಕೆ?

ಕೋಣಗಲ್ಲಿನ ಕಥೆ ಕನ್ನಡಿಗರದೇ ಕಥೆ. ಚನ್ನಗಿರಿಯಲ್ಲಿ ಹುಟ್ಟಿ, ಹೈದರನ ಸೈನ್ಯದಲ್ಲಿ ರಾವುತನಾಗಿ, ಮುಂದೆ ಟೀಪುವಿನ ಸೆರೆಯಲ್ಲಿದ್ದ ಧೋಂಡಿಯಾ ವಾಘ್ ಶ್ರೀರಂಗಪಟ್ಟಣ ಬಿದ್ದಾಗ ಬಂಧನದಿಂದ ಹೊರಬಂದನು. ಚದುರಿಹೋದ ಮೈಸೂರು ಸೈನಿಕರನ್ನು ಕೂಡಿಸಿಕೊಂಡು ಬಿದನೂರು ಸೀಮೆಯಿಂದ ಉತ್ತರಕ್ಕೆ ಹಬ್ಬಿ, ಉಭಯಲೋಕಾಧೀಶ್ವರನೆಂಬ ಬಿರುದನ್ನು ಧರಿಸಿದನು. ಆರ್ಥರ್ ವೆಲ್ಲೆಸ್ಲಿ ತಿಂಗಳುಗಟ್ಟಲೆ ಅವನ ಬೆನ್ನಟ್ಟಬೇಕಾಯಿತು. 1800ರ ಸೆಪ್ಟೆಂಬರ್ 10ರಂದು ರಾಯಚೂರು ದೋಆಬ್ ಸೀಮೆಯ ಕೋಣಗಲ್ಲಿನಲ್ಲಿ ಎರಡು ಬ್ರಿಟಿಷ್, ಎರಡು ಮದರಾಸು ಅಶ್ವದಳಗಳನ್ನು ಒಂದೇ ಸಾಲಾಗಿ ನಿಲ್ಲಿಸಿ ಸ್ವತಃ ತಾನೇ ಮುಂದಾಗಿ ನುಗ್ಗಿದನು. ಧೋಂಡಿಯಾ ಅಲ್ಲಿಯೇ ಮಡಿದನು. ಅವನ ಸಾಮಾನುಗಳ ನಡುವೆ ದೊರೆತ ಎಳೆಯ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿ ಸಾಕಿದನು, ಭಾರತವನ್ನು ಬಿಡುವಾಗ ಅವನ ಪೋಷಣೆಗೆ ಹಣವನ್ನೂ ಇಟ್ಟುಹೋದನು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದವನು ಇವನೇ. ಅಂಥವನನ್ನು ಒಂದು ಮಳೆಗಾಲವೆಲ್ಲ ಅಲೆಸಿದ ಎದುರಾಳಿಯೊಡನೆ ನಡೆದುದು ಕಂಪನಿಯ ಭಾಷೆಯಲ್ಲಿ ಯುದ್ಧವಲ್ಲ, ದರೋಡೆಕೋರನ ಬೇಟೆ. ಬೇಟೆಗೆ ಪದಕವೆಲ್ಲಿಯದು?

ವೆಲ್ಲೂರಿನದೂ ಅಂಥದೇ. 1806ರ ಜುಲೈ 10ರಂದು ಅಲ್ಲಿಯ ಸಿಪಾಯಿಗಳು ದಂಗೆಯೆದ್ದು ಕೋಟೆಯ ಮೇಲೆ ಮೈಸೂರಿನ ಬಾವುಟವನ್ನೇರಿಸಿದರು. ಟೀಪುವಿನ ಮಕ್ಕಳನ್ನು ಇರಿಸಿದ್ದುದು ಆ ಕೋಟೆಯಲ್ಲಿಯೇ. ಆರ್ಕಾಟಿನಿಂದ ಗಿಲೆಸ್ಪಿಯ ಮುಂದಾಳುತನದಲ್ಲಿ ಧಾವಿಸಿ ಬಂದ ಹತ್ತೊಂಬತ್ತನೆಯ ದಳದ ರಾವುತರು ಕೆಲವೇ ಗಂಟೆಗಳಲ್ಲಿ ಅದನ್ನು ಅಡಗಿಸಿದರು. ನೂರಾರು ಸಿಪಾಯಿಗಳು ಹತರಾದರು. ಇದಕ್ಕೂ ಪದಕವಿಲ್ಲ. ತನ್ನ ಉಪ್ಪುಂಡವರೇ ತನ್ನ ಮೇಲೆ ಕೋವಿ ತಿರುಗಿಸಿದ ದಿನವನ್ನು ಯಾವ ಪ್ರಭುತ್ವ ತಾನೇ ಬೆಳ್ಳಿಯಲ್ಲಿ ಅಚ್ಚುಹಾಕಿಸೀತು?

ಅಸ್ಸಾಯಿಯ ಮಾತು ಬೇರೆ. ಈಗಿನ ಜಾಲನಾ ಜಿಲ್ಲೆಯಲ್ಲಿರುವ ಆ ಹಳ್ಳಿಯ ಬಳಿ 1803ರ ಸೆಪ್ಟೆಂಬರ್ 23ರಂದು ಸಿಂಧೆ, ಭೋಸಲೆಯರ ಸೈನ್ಯವನ್ನು ವೆಲ್ಲೆಸ್ಲಿ ಸೋಲಿಸಿದನು. ಅದು ರಾಜರೊಡನೆ ನಡೆದ ಕಾಳಗ. ಆದುದರಿಂದ ಲೆಕ್ಕಕ್ಕೆ ಬಂದಿತು. ಬಂದುದಾದರೂ ಎಂದು? 1851ರಲ್ಲಿ, ಭಾರತ ಸೈನ್ಯದ ಪದಕವೆಂಬ ಬೆಳ್ಳಿಯ ಪದಕವನ್ನು ಮಂಜೂರು ಮಾಡಿದಾಗ. 1803ರಿಂದ 1826ರವರೆಗಿನ ಕಾಳಗಗಳಿಗಾಗಿ 21 ಬಗೆಯ ಪಟ್ಟಿಕೆಗಳನ್ನು ಅದಕ್ಕೆ ಗೊತ್ತುಪಡಿಸಲಾಯಿತು. ಈ ಸಲ ಅಂಚಿನಲ್ಲಿ ಪಡೆದವನ ಹೆಸರೂ ಮೂಡಿತು. ಆದರೆ ಅಂದು ಬದುಕಿದ್ದವರಿಗೆ ಮಾತ್ರ ಆ ಪದಕ. ಅಸ್ಸಾಯಿಯಲ್ಲಿ ಇಪ್ಪತ್ತು ವರ್ಷದವನಾಗಿದ್ದ ರಾವುತ ಅದನ್ನು ಎದೆಗೆ ಸಿಕ್ಕಿಸಿಕೊಳ್ಳಲು ಅರುವತ್ತೆಂಟರವರೆಗೆ ಜೀವ ಹಿಡಿದುಕೊಂಡಿರಬೇಕಾಗಿತ್ತು. ಅಸ್ಸಾಯಿಯ ಹೊಲದಲ್ಲಿಯೇ ಬಿದ್ದ ಅವನ ಜೊತೆಗಾರನಿಗೆ ಏನೂ ಇಲ್ಲ.

ಆ 21 ಪಟ್ಟಿಕೆಗಳಲ್ಲಿ ಕಿತ್ತೂರಿನ ಹೆಸರಿಲ್ಲ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಕೋಟೆಯ ಮುಂದೆ ಸತ್ತನು. ಡಿಸೆಂಬರಿನಲ್ಲಿ ದೊಡ್ಡ ಸೈನ್ಯವನ್ನು ತಂದು ಕಂಪನಿ ಆ ಕೋಟೆಯನ್ನು ಹಿಡಿಯಿತು, ರಾಣಿ ಚೆನ್ನಮ್ಮ ಸೆರೆಯಾದಳು. ಪದಕಕ್ಕೆ ಗೊತ್ತುಮಾಡಿದ ಕಾಲಾವಧಿಯೊಳಗೇ ನಡೆದ ಘಟನೆಯಿದು. ಆದರೂ ಅದು ಪಟ್ಟಿಯಲ್ಲಿ ಸೇರಲಿಲ್ಲ. ಪದಕಗಳನ್ನೇ ನಂಬಿ ಚರಿತ್ರೆ ಬರೆದರೆ ಕಿತ್ತೂರು ನಡೆಯಲೇ ಇಲ್ಲ.

ಹಾಗೆಂದು, ಬಂಡಾಯವನ್ನು ಅಡಗಿಸಿದ್ದಕ್ಕೆ ಕಂಪನಿ ಎಂದೂ ಪದಕ ಕೊಡಲಿಲ್ಲವೆಂದು ತೀರ್ಮಾನಿಸುವಂತಿಲ್ಲ. ಕೊಟ್ಟಿತು, ಕೊಟ್ಟಾಗ ಕನ್ನಡದಲ್ಲಿಯೇ ಕೊಟ್ಟಿತು. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಮೂರೇ ವರ್ಷಗಳಲ್ಲಿ ಸುಳ್ಯ, ಪುತ್ತೂರು, ಮಂಗಳೂರುಗಳವರೆಗೆ ಜನ ಎದ್ದು ನಿಂತರು. ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಹೊರಟ ದಂಡು 1837ರ ಏಪ್ರಿಲಿನಲ್ಲಿ ಮಂಗಳೂರನ್ನು ಕೆಲವು ದಿನಗಳ ಮಟ್ಟಿಗೆ ತನ್ನ ಕೈಯಲ್ಲಿಟ್ಟುಕೊಂಡಿತು. ಈ ಬಂಡಾಯದಲ್ಲಿ ಕಂಪನಿಯ ಪಕ್ಷ ವಹಿಸಿದ ಕೊಡಗಿನವರಿಗೆ ಚಿನ್ನದ ಮತ್ತು ಬೆಳ್ಳಿಯ ಪದಕಗಳು ಬಂದವು. ಕತ್ತಿಯೆತ್ತಿ ನಿಂತ ಕೊಡಗಿನ ವೀರನ ಚಿತ್ರ. ಇಂಗ್ಲಿಷಿನೊಡನೆ ಕನ್ನಡ ಲಿಪಿಯ ಬರಹ. ಕಂಪನಿ ಸರಕಾರಕ್ಕೆ ತೋರಿದ ನಿಷ್ಠೆಗೆ ಮೆಚ್ಚುಗೆ ಎಂಬುದು ಅದರ ತಾತ್ಪರ್ಯ. ಶ್ರೀರಂಗಪಟ್ಟಣವನ್ನು ಗೆದ್ದಾಗ ಬೇಡವಾಗಿದ್ದ ಕನ್ನಡ ನಿಷ್ಠೆಯನ್ನು ಕೊಳ್ಳಬೇಕಾದಾಗ ಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಕನ್ನಡವನ್ನು ಕುರಿತು ಮಾತನಾಡುವಾಗ ನಾವು ಪಾದ್ರಿಗಳ ಮುದ್ರಣಾಲಯಗಳನ್ನೂ ನಿಘಂಟುಗಳನ್ನೂ ನೆನೆಯುತ್ತೇವೆ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' ಆ ದಾರಿಯಲ್ಲಿ ನಮಗೆ ದೀಪ ಹಿಡಿದ ಗ್ರಂಥ. ಆ ಕಾಲದ ಕನ್ನಡ ಬರಹಗಳ ಪಟ್ಟಿಯಲ್ಲಿ ಲೋಹದ ಮೇಲಿನ ಈ ಸಾಲಿಗೂ ಸ್ಥಾನವಿರಬೇಕು. ಇದೇ ಬಂಡಾಯವನ್ನು ಬಹುಕಾಲ 'ಕಲ್ಯಾಣಪ್ಪನ ಕಾಟಕಾಯಿ' ಎಂದು, ಅಂದರೆ ಉಪದ್ರವವೆಂದು, ನಮ್ಮವರೇ ಕರೆಯುತ್ತ ಬಂದರು. ಅಮರಸುಳ್ಯದ ಹೋರಾಟವೆಂಬ ಹೆಸರು ರೂಢಿಗೆ ಬಂದುದು ತಡವಾಗಿ. ಪದಕದ ನುಡಿ ಜನರ ನಾಲಗೆಯ ಮೇಲೂ ಅಚ್ಚಾಗಬಲ್ಲುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಈಗ ವೀರಗಲ್ಲಿನತ್ತ ತಿರುಗೋಣ. ಶ್ರೀರಂಗಪಟ್ಟಣವಿರುವ ಮಂಡ್ಯ ಜಿಲ್ಲೆಯಲ್ಲಿಯೇ ಆತಕೂರೂ ಇದೆ. ಅಲ್ಲಿಯ ಶಾಸನದ ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಒಡೆಯನಾದ ಗಂಗ ಬೂತುಗನು ಮೆಚ್ಚಿ, ಬೇಕಾದುದನ್ನು ಕೇಳೆಂದನು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೂ ಕಲ್ಲು ನಿಂತಿತು, ಭೂಮಿಯ ದತ್ತಿಯೂ ಆಯಿತು. ಸತ್ತ ನಾಯಿಯ ಹೆಸರನ್ನು ಬರೆದಿಟ್ಟ ನಾಡಿಗೆ, ಸತ್ತ ಮನುಷ್ಯನ ಹೆಸರನ್ನು ಬರೆಯದ ಪದಕ ಬಂದಿತೆಂಬುದು ಯೋಚಿಸಬೇಕಾದ ಮಾತು. ಪದಕ ಉಳಿದವನದು, ವೀರಗಲ್ಲು ಅಳಿದವನದು. ಪದಕ ಕೊಟ್ಟವನ ಮುಖವನ್ನು ತೋರಿಸುತ್ತದೆ, ವೀರಗಲ್ಲು ಸತ್ತವನ ಕೊನೆಯ ಗಳಿಗೆಯನ್ನು ತೋರಿಸುತ್ತದೆ. ಪದಕ ಎದೆಯೊಡನೆ ಊರೂರು ತಿರುಗಿ ಕಡೆಗೆ ಹರಾಜಿಗೆ ಬರುತ್ತದೆ, ವೀರಗಲ್ಲು ಸತ್ತ ಊರಿನಲ್ಲಿಯೇ ನಿಲ್ಲುತ್ತದೆ. ಬಾಳ್ಗಚ್ಚು, ಕಲ್ನಾಡು, ನೆತ್ತರುಗೊಡಗೆ ಎಂಬ ನಮ್ಮ ಹಳೆಯ ಮಾತುಗಳನ್ನು ಗಮನಿಸಿದರೆ, ಶೌರ್ಯದ ಮನ್ನಣೆ ಉಣ್ಣುವ ನೆಲದ ರೂಪದಲ್ಲಿ ಮಡಿದವನ ಮನೆಗೆ ಸಲ್ಲುತ್ತಿತ್ತೆಂಬುದು ತಿಳಿಯುತ್ತದೆ.

ಇದರಿಂದ ನಮ್ಮದೆಲ್ಲವೂ ನಿರ್ಮಲ, ಅವರದೆಲ್ಲವೂ ಮಲಿನ ಎಂಬ ಸುಲಭದ ತೀರ್ಪಿಗೆ ಬರಬಾರದು. ವೀರಗಲ್ಲುಗಳ ಹಿಂದೆಯೂ ಅರಸರ ಆಸೆಯಿತ್ತು, ತುರುಗಳ ಕೊಳ್ಳೆಯಿತ್ತು. ಅಂತೆಯೇ ಪದಕದ ಅರ್ಥ ಕೊಟ್ಟವನ ಕೈಯಲ್ಲಿಯೇ ಉಳಿಯುವುದೂ ಇಲ್ಲ. 1818ರ ಜನವರಿ 1ರ ಕೋರೆಗಾಂವ್ ಕಾಳಗ ಆ 21 ಪಟ್ಟಿಕೆಗಳಲ್ಲೊಂದು. ಅಲ್ಲಿ ಕಂಪನಿ ತನ್ನ ವಿಜಯಕ್ಕೆಂದು ನಿಲ್ಲಿಸಿದ ಕಂಬದ ಮೇಲೆ ಮಹಾರ್ ಸೈನಿಕರ ಹೆಸರುಗಳಿದ್ದವು. 1927ರ ಜನವರಿ 1ರಂದು ಡಾ. ಅಂಬೇಡ್ಕರರು ಅಲ್ಲಿಗೆ ಹೋಗಿ ನಿಂತ ಮೇಲೆ ಅದು ಸಾಮ್ರಾಜ್ಯದ ಕಂಬವಾಗಿ ಉಳಿಯಲಿಲ್ಲ, ತುಳಿತಕ್ಕೊಳಗಾದವರ ಆತ್ಮಗೌರವದ ಕಂಬವಾಯಿತು. ಸ್ಮಾರಕವನ್ನು ಒಡೆಯದೆ, ಮಾರದೆ, ಹೊಸದಾಗಿ ಓದುವುದು ಹೇಗೆಂಬುದಕ್ಕೆ ಮುಂಬಯಿ ಪ್ರಾಂತದ ನೆಲದಲ್ಲಿಯೇ ದೊರೆತ ಮೇಲ್ಪಂಕ್ತಿಯಿದು.

ಪದಕ ಮೌನವಾಗಿರುವಲ್ಲಿ ಮಾತನಾಡುವ ಇನ್ನೊಂದು ಬಗೆಯ ದಾಖಲೆ ನಮ್ಮಲ್ಲಿದೆ, ಅದು ಲಾವಣಿ. ಕಿತ್ತೂರು, ಸಂಗೊಳ್ಳಿ ರಾಯಣ್ಣ, 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿದ ಹಲಗಲಿಯ ಬೇಡರು ಇವರೆಲ್ಲರ ಮೇಲೆ ಲಾವಣಿಗಳು ಹುಟ್ಟಿ ಉತ್ತರ ಕರ್ನಾಟಕದ ಊರೂರುಗಳಲ್ಲಿ ಹಾಡಿಕೆಯಾದವು. ಅವುಗಳನ್ನು ಮೊದಲು ಸಂಗ್ರಹಿಸಿ, 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಪ್ರಕಟಿಸಿದವನು ಮುಂಬಯಿ ಸರಕಾರದ ಅಧಿಕಾರಿಯೇ ಆಗಿದ್ದ ಜೆ. ಎಫ್. ಫ್ಲೀಟ್. ಒಂದೇ ಸರಕಾರದ ಒಂದು ಕೈ ಪದಕದಿಂದ ಬಿಟ್ಟುದನ್ನು ಇನ್ನೊಂದು ಕೈ ಪುಸ್ತಕಕ್ಕೆ ಸೇರಿಸಿತು. ಆದ್ದರಿಂದ ಪದಕ, ವೀರಗಲ್ಲು, ಲಾವಣಿ ಈ ಮೂರನ್ನೂ ಒಟ್ಟಿಗಿಟ್ಟು ಓದಿದಾಗಲೇ ಆ ಕಾಲದ ಕನ್ನಡನಾಡು ನಮಗೆ ಪೂರ್ಣವಾಗಿ ಕಾಣುವುದು.

ಸಾಹಿತ್ಯದ ವಿಭಾಗಕ್ಕೆ ಲೋಹದ ಬಿಲ್ಲೆಯ ಗೊಡವೆಯೇಕೆ ಎಂದು ಆಕ್ಷೇಪಿಸುವವರು ಇರಬಹುದು. ಶಾಸನಗಳ ವಿಷಯದಲ್ಲಿಯೂ ಒಂದು ಕಾಲಕ್ಕೆ ಹೀಗೆಯೇ ಕೇಳಬಹುದಾಗಿತ್ತು. ಇಂದು ಶಾಸನವಿಲ್ಲದೆ ಹಳಗನ್ನಡದ ಪಾಠವೇ ನಡೆಯದು. ಆದುದರಿಂದ ಮೂರು ಸಲಹೆಗಳನ್ನು ಮುಂದಿಡುತ್ತೇನೆ. ಒಂದು, ಕನ್ನಡನಾಡಿನ ಯುದ್ಧ, ಬಂಡಾಯಗಳಿಗೆ ಸಂಬಂಧಿಸಿದ ಪದಕಗಳ ವಿವರಣಾತ್ಮಕ ಸೂಚಿಯೊಂದು ಕನ್ನಡದಲ್ಲಿ ಸಿದ್ಧವಾಗಬೇಕು. ಪ್ರತಿಯೊಂದು ನಮೂದಿನಲ್ಲಿಯೂ ಪದಕ ಪಡೆದವನೊಡನೆ ಅವನೆದುರು ನಿಂತವನ ಹೆಸರು, ಊರು, ಗತಿ ಇವೂ ಇರಬೇಕು. ಎರಡು, ಸ್ಥಳನಾಮಗಳು ಪದಕದ ಮೇಲೆ ವಿರೂಪಗೊಂಡಿರುವಂತೆ ಬರಬಾರದು, ಜನರಾಡುವಂತೆ ಬರಬೇಕು. ಆಂಟಾಪ್ ಹಿಲ್ ಎಂಬ ಹೆಸರು ಕೂಡ ಅಂತೋಬ ಎಂಬ ಹಳೆಯ ಹೊಲದೊಡೆಯನೊಬ್ಬನಿಂದ ಬಂದಿತೆಂಬ ಹೇಳಿಕೆಯುಂಟು. ಇಂಗ್ಲಿಷಿನ ಉಚ್ಚಾರದಡಿಯಲ್ಲಿ ಹೀಗೆ ಹೂತುಹೋದ ಮನುಷ್ಯರನ್ನು ಹೊರತೆಗೆಯುವುದೂ ಭಾಷಾಧ್ಯಯನವೇ. ಮೂರು, ಮುಂಬಯಿಯ ಕನ್ನಡ ವಿದ್ಯಾರ್ಥಿಗಳನ್ನು ಬೋರಿವಿಲಿಯ ಏಕ್ಸರದಲ್ಲಿರುವ ವೀರಗಲ್ಲುಗಳ ಬಳಿಗೆ ಕರೆದೊಯ್ಯಬೇಕು. ಹಡಗುಗಳ ಕಾಳಗವನ್ನು ಕೆತ್ತಿರುವ ಆ ಕಲ್ಲುಗಳನ್ನು ನೋಡಿದವರಿಗೆ, ಸತ್ತವರನ್ನು ನೆನೆಯುವ ಈ ಪದ್ಧತಿ ತಾವು ಹುಟ್ಟಿ ಬೆಳೆದ ನಗರದಲ್ಲಿಯೂ ಇತ್ತೆಂಬುದು ಮನವರಿಕೆಯಾಗುತ್ತದೆ.

ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ತಾಯ್ನಾಡಿನ ಚರಿತ್ರೆ ದೊರೆಯುವುದು ಚೂರುಚೂರಾಗಿ: ಒಂದು ನಾಣ್ಯ, ಒಂದು ಹಾಡಿನ ತುಣುಕು, ಅಜ್ಜನ ಒಂದು ಮಾತು. ಆ ಚೂರಿನ ಅರ್ಥವನ್ನು ನಾವು ಹೇಳಿಕೊಡದಿದ್ದರೆ ಹರಾಜಿನ ಪಟ್ಟಿ ಹೇಳಿಕೊಡುತ್ತದೆ. ಅದರಲ್ಲಿ ಪದಕದ ಸ್ಥಿತಿ, ತೂಕ, ಬೆಲೆ, ದಳದ ಸಂಖ್ಯೆ ಎಲ್ಲವೂ ಇರುತ್ತವೆ. ಧೋಂಡಿಯಾ ವಾಘ್ ಯಾರು, ವೆಲ್ಲೂರಿನಲ್ಲಿ ಸತ್ತವರೆಷ್ಟು, ಕಿತ್ತೂರು ಏಕಿಲ್ಲ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಆ ಉತ್ತರವನ್ನು ಕನ್ನಡದಲ್ಲಿ ಬರೆದಿಡುವ ಕೆಲಸ ನಮ್ಮ ಪಾಲಿಗೆ ಬಿಟ್ಟದ್ದು.